ಮ್ಯಾನಿ ಪ್ಯಾಕಿಯಾವೊ: ತೂಕ ವಿಭಾಗಗಳ ಏರಿಕೆ ಮತ್ತು ಪ್ರಮುಖ ಪಂದ್ಯಗಳು

ಮ್ಯಾನಿ ಪ್ಯಾಕಿಯಾವೊ (ಪೂರ್ಣ ಹೆಸರು: ಎಮ್ಯಾನುಯೆಲ್ ಡಾಪಿಡ್ರಾನ್ ಪ್ಯಾಕಿಯಾವೊ, ಜನನ: 17 ಡಿಸೆಂಬರ್ 1978) ಫಿಲಿಪ್ಪೀನ್ಸ್ ದೇಶದ ವೃತ್ತಿಪರ ಬಾಕ್ಸರ್ ಹಾಗೂ ರಾಜಕಾರಣಿ. ಬಾಕ್ಸಿಂಗ್ ಇತಿಹಾಸದಲ್ಲಿ ಎಂಟು ತೂಕ ವಿಭಾಗಗಳಲ್ಲಿ ವಿಶ್ವ ಪಟ್ಟ ಗೆದ್ದ ಏಕೈಕ ಬಾಕ್ಸರ್ ಎಂಬ ದಾಖಲೆ ಅವರ ಹೆಸರಿನಲ್ಲಿದೆ. 1998ರಲ್ಲಿ 112 ಪೌಂಡ್ ಮಿತಿಯ ಫ್ಲೈವೇಟ್ ವಿಭಾಗದಲ್ಲಿ ಮೊದಲ ವಿಶ್ವ ಪಟ್ಟ ಗೆದ್ದ ಅವರು, 2010ರಲ್ಲಿ 154 ಪೌಂಡ್ ಮಿತಿಯ ಲೈಟ್ ಮಿಡಲ್‌ವೇಟ್ ವಿಭಾಗದ ಪಟ್ಟವನ್ನು ತಮ್ಮದಾಗಿಸಿಕೊಂಡರು.

ಹನ್ನೆರಡು ವರ್ಷಗಳ ಈ ಏರಿಕೆ ಕೇವಲ ಗೆಲುವುಗಳ ಸಾಲಾಗಿರಲಿಲ್ಲ. ಮೊದಲ ವಿಶ್ವ ಪಟ್ಟವನ್ನು ಅವರು ರಿಂಗ್‌ಗೆ ಇಳಿಯುವ ಮುನ್ನವೇ ತೂಕದ ಯಂತ್ರದ ಮೇಲೆ ಕಳೆದುಕೊಂಡರು. ಕೊನೆಯ ಕೆಲವು ಪಟ್ಟಗಳ ಪಂದ್ಯಗಳಲ್ಲಿ ಎದುರಾಳಿಗಳ ತೂಕಕ್ಕೆ ಒಪ್ಪಂದದ ಮೂಲಕ ಮಿತಿ ಹಾಕಲಾಗಿತ್ತು. ಈ ಲೇಖನವು ಪ್ಯಾಕಿಯಾವೊ ಒಂದು ವಿಭಾಗದಿಂದ ಮತ್ತೊಂದು ವಿಭಾಗಕ್ಕೆ ಏರಿದ ಹಾದಿಯಲ್ಲಿ ನಿರ್ಣಾಯಕವಾದ ಪಂದ್ಯಗಳನ್ನು ವಿವರಿಸುತ್ತದೆ.

ತೂಕ ವಿಭಾಗಗಳ ವ್ಯವಸ್ಥೆ

ವೃತ್ತಿಪರ ಬಾಕ್ಸಿಂಗ್‌ನಲ್ಲಿ ಪ್ರತಿ ವಿಭಾಗಕ್ಕೂ ಒಂದು ಗರಿಷ್ಠ ತೂಕದ ಮಿತಿ ಇರುತ್ತದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಫ್ಲೈವೇಟ್, ಬ್ಯಾಂಟಮ್‌ವೇಟ್, ಫೆದರ್‌ವೇಟ್, ಲೈಟ್‌ವೇಟ್, ವೆಲ್ಟರ್‌ವೇಟ್, ಮಿಡಲ್‌ವೇಟ್, ಲೈಟ್ ಹೆವಿವೇಟ್ ಮತ್ತು ಹೆವಿವೇಟ್ ಎಂಬ ಎಂಟು ವಿಭಾಗಗಳು ಪ್ರಧಾನವಾಗಿದ್ದವು. ಕಾಲಕ್ರಮದಲ್ಲಿ ಇವುಗಳ ನಡುವೆ ಹೊಸ ವಿಭಾಗಗಳು ಸೇರಿ ಸಂಖ್ಯೆ ಹದಿನೇಳಕ್ಕೆ ಏರಿತು. ಪ್ಯಾಕಿಯಾವೊ ಹಾದುಹೋದ ಕೆಳಗಿನ ವಿಭಾಗಗಳಲ್ಲಿ ಎರಡು ಮಿತಿಗಳ ನಡುವಿನ ಅಂತರ ಬಹಳ ಕಡಿಮೆ. 112 ಪೌಂಡ್ ಎಂದರೆ ಸುಮಾರು 50.8 ಕಿಲೋಗ್ರಾಂ, 122 ಪೌಂಡ್ ಎಂದರೆ ಸುಮಾರು 55.3 ಕಿಲೋಗ್ರಾಂ. ಈ ನಾಲ್ಕೂವರೆ ಕಿಲೋಗ್ರಾಂ ಅಂತರದಲ್ಲಿ ನಾಲ್ಕು ವಿಭಾಗಗಳು ಬರುತ್ತವೆ.

ತೂಕ ಪರೀಕ್ಷೆ ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ ನಡೆಯುತ್ತದೆ. ಬಾಕ್ಸರ್‌ಗಳು ಆಹಾರ ಮತ್ತು ನೀರನ್ನು ಕಡಿತಗೊಳಿಸಿ, ಬೆವರು ಹರಿಸಿ, ದೇಹವನ್ನು ಮಿತಿಯೊಳಗೆ ತರುತ್ತಾರೆ. ಪರೀಕ್ಷೆಯ ನಂತರ ನೀರು ಮತ್ತು ಆಹಾರ ಸೇವಿಸಿ ಕಳೆದುಕೊಂಡ ತೂಕವನ್ನು ಮರಳಿ ಪಡೆಯುತ್ತಾರೆ. ದೇಹ ಸಹಿಸಲಾರದಷ್ಟು ತೂಕ ಇಳಿಸಿದವರು ರಿಂಗ್‌ನಲ್ಲಿ ಬಲಹೀನರಾಗುತ್ತಾರೆ. ಮೇಲಿನ ವಿಭಾಗಕ್ಕೆ ಏರಿದರೆ ಈ ಬಾಧೆ ತಪ್ಪುತ್ತದೆ. ಆದರೆ ಅಲ್ಲಿನ ಎದುರಾಳಿಗಳು ಹೆಚ್ಚು ಎತ್ತರದವರಾಗಿದ್ದು, ಅವರ ಕೈಗಳು ಹೆಚ್ಚು ದೂರ ಚಾಚುತ್ತವೆ, ಹೊಡೆತ ಹೆಚ್ಚು ಭಾರವಾಗಿರುತ್ತದೆ. ಕೆಳಗಿನ ವಿಭಾಗದಲ್ಲಿ ಎದುರಾಳಿಯನ್ನು ಉರುಳಿಸುತ್ತಿದ್ದ ಹೊಡೆತ ಮೇಲಿನ ವಿಭಾಗದಲ್ಲಿ ಪರಿಣಾಮ ಬೀರದೆ ಹೋಗಬಹುದು. ಹಲವು ವಿಭಾಗಗಳಲ್ಲಿ ಪಟ್ಟ ಗೆಲ್ಲುವ ಸಾಧನೆ ಅಪರೂಪವಾಗಿರುವುದಕ್ಕೆ ಇದೇ ಕಾರಣ.

ಅಮೆರಿಕದ ಹೆನ್ರಿ ಆರ್ಮ್‌ಸ್ಟ್ರಾಂಗ್ 1937–38ರಲ್ಲಿ ಫೆದರ್‌ವೇಟ್, ವೆಲ್ಟರ್‌ವೇಟ್ ಮತ್ತು ಲೈಟ್‌ವೇಟ್ ಪಟ್ಟಗಳನ್ನು ಗೆದ್ದು, ಮೂರನ್ನೂ ಏಕಕಾಲಕ್ಕೆ ಹೊಂದಿದ್ದರು. ಪ್ಯಾಕಿಯಾವೊಗಿಂತ ಮೊದಲು ಅತಿ ಹೆಚ್ಚು, ಅಂದರೆ ಆರು ವಿಭಾಗಗಳಲ್ಲಿ ಪಟ್ಟ ಗೆದ್ದ ದಾಖಲೆ ಅಮೆರಿಕದ ಆಸ್ಕರ್ ಡೆ ಲಾ ಹೋಯಾ ಅವರದಾಗಿತ್ತು.

ಆರಂಭಿಕ ಜೀವನ

ಪ್ಯಾಕಿಯಾವೊ ಮಿಂಡನಾವೊ ದ್ವೀಪದ ಬುಕಿಡ್ನೊನ್ ಪ್ರಾಂತ್ಯದ ಕಿಬಾವೆ ಎಂಬಲ್ಲಿ ಜನಿಸಿ, ಅದೇ ದ್ವೀಪದ ಜನರಲ್ ಸ್ಯಾಂಟೋಸ್ ನಗರದಲ್ಲಿ ಬೆಳೆದರು. ಕಡುಬಡತನದ ಕಾರಣ ಹದಿಹರೆಯದಲ್ಲೇ ಮನೆ ಬಿಟ್ಟು ರಾಜಧಾನಿ ಮನಿಲಾ ಸೇರಿ, ದುಡಿಮೆ ಮಾಡುತ್ತ ಬಾಕ್ಸಿಂಗ್ ಅಭ್ಯಾಸ ಮುಂದುವರಿಸಿದರು. 22 ಜನವರಿ 1995ರಂದು, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ವೃತ್ತಿಪರ ಬಾಕ್ಸಿಂಗ್‌ಗೆ ಪದಾರ್ಪಣೆ ಮಾಡಿದರು. ಅವರ ಆರಂಭದ ಪಂದ್ಯಗಳು ‘ಬ್ಲೋ ಬೈ ಬ್ಲೋ’ ಎಂಬ ದೂರದರ್ಶನ ಕಾರ್ಯಕ್ರಮದ ಮೂಲಕ ಫಿಲಿಪ್ಪೀನ್ಸ್‌ನ ಪ್ರೇಕ್ಷಕರನ್ನು ತಲುಪಿದವು. ಆ ದಿನಗಳಲ್ಲಿ ತಮ್ಮ ದೇಹದ ತೂಕ ಅತ್ಯಂತ ಹಗುರವಾದ ವಿಭಾಗಕ್ಕೂ ಸಾಲದೆ ಇದ್ದುದರಿಂದ, ಜೇಬಿನಲ್ಲಿ ಭಾರದ ವಸ್ತುಗಳನ್ನಿಟ್ಟುಕೊಂಡು ತೂಕ ಪರೀಕ್ಷೆಗೆ ನಿಲ್ಲುತ್ತಿದ್ದುದಾಗಿ ಅವರು ಮುಂದೆ ಹೇಳಿಕೊಂಡಿದ್ದಾರೆ.

ಬೆಳೆಯುವ ವಯಸ್ಸಿನಲ್ಲಿದ್ದ ಕಾರಣ ಅವರ ದೇಹತೂಕ ಬೇಗನೆ ಏರತೊಡಗಿತು. 9 ಫೆಬ್ರವರಿ 1996ರಂದು ರಸ್ಟಿಕೊ ತೊರೆಕಾಂಪೊ ವಿರುದ್ಧದ ಪಂದ್ಯಕ್ಕೆ ನಿಗದಿಯಾಗಿದ್ದ ತೂಕವನ್ನು ಅವರು ಮೀರಿದರು. ಇದಕ್ಕೆ ದಂಡನೆಯಾಗಿ ಎದುರಾಳಿಯ ಗವಸುಗಳಿಗಿಂತ ಭಾರವಾದ ಗವಸುಗಳನ್ನು ಧರಿಸಿ ಆಡಬೇಕಾಯಿತು. ಮೂರನೆಯ ಸುತ್ತಿನಲ್ಲಿ ನಾಕೌಟ್ ಆದ ಅವರಿಗೆ ಇದು ವೃತ್ತಿಜೀವನದ ಮೊದಲ ಸೋಲು.

ಫ್ಲೈವೇಟ್: ಮೊದಲ ಪಟ್ಟ ಮತ್ತು ಅದರ ನಷ್ಟ

ಚಾಟ್‌ಚಾಯ್ ಸಸಾಕುಲ್ ವಿರುದ್ಧ (4 ಡಿಸೆಂಬರ್ 1998)

ಡಬ್ಲ್ಯುಬಿಸಿ ಎಂದು ಹೆಸರಾದ ವಿಶ್ವ ಬಾಕ್ಸಿಂಗ್ ಮಂಡಳಿಯ ಫ್ಲೈವೇಟ್ ಪಟ್ಟಕ್ಕಾಗಿ ಪ್ಯಾಕಿಯಾವೊ ಥಾಯ್ಲೆಂಡ್‌ಗೆ ತೆರಳಿ, ಆ ದೇಶದವರೇ ಆದ ಚಾಂಪಿಯನ್ ಚಾಟ್‌ಚಾಯ್ ಸಸಾಕುಲ್ ಅವರನ್ನು ಎದುರಿಸಿದರು. ಅನುಭವಿಯಾಗಿದ್ದ ಚಾಟ್‌ಚಾಯ್ ಪಂದ್ಯದ ಮೊದಲರ್ಧದಲ್ಲಿ ಅಂಕಗಳಲ್ಲಿ ಮುಂದಿದ್ದರು. ಎಂಟನೆಯ ಸುತ್ತಿನಲ್ಲಿ ಪ್ಯಾಕಿಯಾವೊ ಅವರ ಎಡಗೈ ಹೊಡೆತಕ್ಕೆ ಚಾಟ್‌ಚಾಯ್ ನೆಲಕ್ಕುರುಳಿದರು. ಹತ್ತೊಂಬತ್ತರ ವಯಸ್ಸಿನ ಪ್ಯಾಕಿಯಾವೊ ವಿಶ್ವ ಚಾಂಪಿಯನ್ ಆದರು.

ಮೆಡ್ಗೊಯೆನ್ ಸಿಂಗ್‌ಸುರಾಟ್ ವಿರುದ್ಧ (17 ಸೆಪ್ಟೆಂಬರ್ 1999)

ಥಾಯ್ಲೆಂಡ್‌ನ ನಖೋನ್ ಸಿ ಥಮ್ಮರಾಟ್‌ನಲ್ಲಿ ನಡೆದ ಪಟ್ಟ ರಕ್ಷಣೆಯ ಪಂದ್ಯದ ತೂಕ ಪರೀಕ್ಷೆಯಲ್ಲಿ ಪ್ಯಾಕಿಯಾವೊಗೆ 112 ಪೌಂಡ್ ಮಿತಿಯೊಳಗೆ ಬರಲಾಗಲಿಲ್ಲ. ನಿಯಮದಂತೆ ಅವರ ಪಟ್ಟವನ್ನು ಅಲ್ಲಿಯೇ ಹಿಂಪಡೆಯಲಾಯಿತು. ಪಂದ್ಯ ಗೆದ್ದರೂ ಅವರಿಗೆ ಪಟ್ಟ ಮರಳಿ ಸಿಗುವಂತಿರಲಿಲ್ಲ. ತೂಕ ಇಳಿಸುವ ಪ್ರಯತ್ನದಲ್ಲಿ ಬಳಲಿದ್ದ ಅವರು ಮೂರನೆಯ ಸುತ್ತಿನಲ್ಲಿ ಹೊಟ್ಟೆಯ ಭಾಗಕ್ಕೆ ಬಿದ್ದ ಹೊಡೆತದಿಂದ ನಾಕೌಟ್ ಆದರು.

ವೃತ್ತಿಜೀವನದ ಮೊದಲ ಎರಡು ಸೋಲುಗಳೂ ಹೀಗೆ ತೂಕದ ಮಿತಿಯಲ್ಲಿ ವಿಫಲರಾದ ಪಂದ್ಯಗಳಲ್ಲೇ ಬಂದವು. ಆ ಬಳಿಕ ಪ್ಯಾಕಿಯಾವೊ 115 ಪೌಂಡ್ ಮತ್ತು 118 ಪೌಂಡ್ ಮಿತಿಯ ವಿಭಾಗಗಳನ್ನು ಬಿಟ್ಟು, ನೇರವಾಗಿ 122 ಪೌಂಡ್ ಮಿತಿಯ ಸೂಪರ್ ಬ್ಯಾಂಟಮ್‌ವೇಟ್ ವಿಭಾಗಕ್ಕೆ ಏರಿದರು.

ಸೂಪರ್ ಬ್ಯಾಂಟಮ್‌ವೇಟ್: ಅಮೆರಿಕ ಪ್ರವೇಶ

ಲೆಹ್ಲೊಹೊನೊಲೊ ಲೆದ್ವಾಬಾ ವಿರುದ್ಧ (23 ಜೂನ್ 2001)

2001ರಲ್ಲಿ ಪ್ಯಾಕಿಯಾವೊ ಅಮೆರಿಕಕ್ಕೆ ತೆರಳಿ, ಲಾಸ್ ಏಂಜಲೀಸ್‌ನ ಹಾಲಿವುಡ್‌ನಲ್ಲಿರುವ ವೈಲ್ಡ್ ಕಾರ್ಡ್ ಜಿಮ್‌ನಲ್ಲಿ ಮಾಜಿ ಬಾಕ್ಸರ್ ಫ್ರೆಡ್ಡಿ ರೋಚ್ ಅವರಲ್ಲಿ ತರಬೇತಿ ಆರಂಭಿಸಿದರು. ಐಬಿಎಫ್ ಎಂದು ಹೆಸರಾದ ಅಂತರರಾಷ್ಟ್ರೀಯ ಬಾಕ್ಸಿಂಗ್ ಒಕ್ಕೂಟದ ಚಾಂಪಿಯನ್, ದಕ್ಷಿಣ ಆಫ್ರಿಕಾದ ಲೆಹ್ಲೊಹೊನೊಲೊ ಲೆದ್ವಾಬಾ ಅವರ ಎದುರಾಳಿ ಪಂದ್ಯದಿಂದ ಹಿಂದೆ ಸರಿದಾಗ, ಸುಮಾರು ಎರಡು ವಾರಗಳ ಅವಧಿಯಲ್ಲಿ ಪ್ಯಾಕಿಯಾವೊ ಬದಲಿಯಾಗಿ ಆಯ್ಕೆಯಾದರು. ಪಂದ್ಯ ಲಾಸ್ ವೇಗಾಸ್‌ನ ಎಂಜಿಎಂ ಗ್ರ್ಯಾಂಡ್‌ನಲ್ಲಿ ನಡೆಯಿತು. ಅಂದಿನ ಮುಖ್ಯ ಪಂದ್ಯ ಡೆ ಲಾ ಹೋಯಾ ಅವರದು. ಮುಂದೆ ಏಳು ವರ್ಷಗಳ ನಂತರ ಪ್ಯಾಕಿಯಾವೊ ಎದುರಿಸಲಿದ್ದದ್ದು ಇದೇ ಡೆ ಲಾ ಹೋಯಾ ಅವರನ್ನು.

ಅಮೆರಿಕದ ಪ್ರೇಕ್ಷಕರಿಗೆ ಅಪರಿಚಿತರಾಗಿದ್ದ ಪ್ಯಾಕಿಯಾವೊ ಮೊದಲ ಸುತ್ತಿನಿಂದಲೇ ವೇಗದ ಎಡಗೈ ಹೊಡೆತಗಳಿಂದ ಚಾಂಪಿಯನ್ನರನ್ನು ಕಂಗೆಡಿಸಿದರು. ಆರನೆಯ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು. ಈ ಗೆಲುವಿನಿಂದ ಅವರು ಎರಡನೆಯ ವಿಭಾಗದ ಚಾಂಪಿಯನ್ ಆದರು. ರೋಚ್ ಅವರೊಂದಿಗಿನ ಸಹಯೋಗವೂ ಇಲ್ಲಿಂದಲೇ ಗಟ್ಟಿಯಾಯಿತು.

ಫೆದರ್‌ವೇಟ್

ಮಾರ್ಕೊ ಆಂಟೋನಿಯೊ ಬರೇರಾ ವಿರುದ್ಧ (15 ನವೆಂಬರ್ 2003)

ಮೆಕ್ಸಿಕೊದ ಮಾರ್ಕೊ ಆಂಟೋನಿಯೊ ಬರೇರಾ ಆ ಹೊತ್ತಿಗೆ ಫೆದರ್‌ವೇಟ್ ವಿಭಾಗದ ಅಗ್ರಗಣ್ಯ ಬಾಕ್ಸರ್ ಎಂದು ಮನ್ನಣೆ ಪಡೆದಿದ್ದರು. ಬ್ರಿಟನ್‌ನ ನಸೀಮ್ ಹಮೀದ್ ಅವರಿಗೆ ಮೊದಲ ಸೋಲುಣಿಸಿದ್ದವರು ಅವರೇ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದ ಅಲಮೊಡೋಮ್‌ನಲ್ಲಿ ನಡೆದ ಈ ಪಂದ್ಯದಲ್ಲಿ ಬರೇರಾ ಗೆಲ್ಲುತ್ತಾರೆ ಎಂಬುದು ಬಹುತೇಕರ ನಿರೀಕ್ಷೆಯಾಗಿತ್ತು. ಪ್ಯಾಕಿಯಾವೊ ಮೂರನೆಯ ಸುತ್ತಿನಲ್ಲಿ ಅವರನ್ನು ನೆಲಕ್ಕೆ ಬೀಳಿಸಿದರು. ಹನ್ನೊಂದನೆಯ ಸುತ್ತಿನಲ್ಲಿ ಬರೇರಾ ಮತ್ತೆ ಬಿದ್ದು ಎದ್ದು ಹೊಡೆತಗಳ ಸುರಿಮಳೆಗೆ ಸಿಲುಕಿದಾಗ, ಅವರ ತಂಡದವರೇ ರಿಂಗ್ ಪ್ರವೇಶಿಸಿ ಪಂದ್ಯ ನಿಲ್ಲುವಂತೆ ಮಾಡಿದರು.

ಈ ಪಂದ್ಯದಲ್ಲಿ ಪಣಕ್ಕಿದ್ದುದು ‘ದಿ ರಿಂಗ್’ ಪತ್ರಿಕೆ ನೀಡುವ ಫೆದರ್‌ವೇಟ್ ಪಟ್ಟ. ಎಂಟು ವಿಭಾಗಗಳ ಲೆಕ್ಕದಲ್ಲಿ ಇದು ಮೂರನೆಯದು.

ಹುವಾನ್ ಮ್ಯಾನುಯೆಲ್ ಮಾರ್ಕೆಜ್ ವಿರುದ್ಧ ಮೊದಲ ಪಂದ್ಯ (8 ಮೇ 2004)

ಮೆಕ್ಸಿಕೊದ ಹುವಾನ್ ಮ್ಯಾನುಯೆಲ್ ಮಾರ್ಕೆಜ್ ಆಗ ಡಬ್ಲ್ಯುಬಿಎ ಮತ್ತು ಐಬಿಎಫ್ ಸಂಸ್ಥೆಗಳ ಫೆದರ್‌ವೇಟ್ ಚಾಂಪಿಯನ್ ಆಗಿದ್ದರು. ಮೊದಲ ಸುತ್ತಿನಲ್ಲೇ ಪ್ಯಾಕಿಯಾವೊ ಅವರನ್ನು ಮೂರು ಬಾರಿ ನೆಲಕ್ಕೆ ಬೀಳಿಸಿದರು. ಮೂರನೆಯ ಬಾರಿ ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ಮಾರ್ಕೆಜ್ ಎದ್ದು ನಿಂತರು. ನಂತರದ ಸುತ್ತುಗಳಲ್ಲಿ ಎದುರಾಳಿಯ ಎಡಗೈ ಹೊಡೆತವನ್ನು ಅರಿತುಕೊಂಡು, ಅದಕ್ಕೆ ಬಲಗೈಯ ಪ್ರತಿಹೊಡೆತದಿಂದ ಉತ್ತರಿಸುತ್ತ ಪಂದ್ಯವನ್ನು ಸಮಸ್ಥಿತಿಗೆ ತಂದರು.

ಹನ್ನೆರಡು ಸುತ್ತುಗಳ ಬಳಿಕ ಒಬ್ಬ ತೀರ್ಪುಗಾರರು 115–110 ಅಂತರದಲ್ಲಿ ಮಾರ್ಕೆಜ್ ಪರವಾಗಿಯೂ, ಮತ್ತೊಬ್ಬರು ಅದೇ ಅಂತರದಲ್ಲಿ ಪ್ಯಾಕಿಯಾವೊ ಪರವಾಗಿಯೂ, ಮೂರನೆಯವರಾದ ಬರ್ಟ್ ಕ್ಲೆಮೆಂಟ್ಸ್ 113–113 ಸಮವೆಂದೂ ತೀರ್ಪು ನೀಡಿದ್ದರಿಂದ ಪಂದ್ಯ ಡ್ರಾ ಆಯಿತು. ಮೂರು ಬಾರಿ ಬಿದ್ದ ಬಾಕ್ಸರ್‌ಗೆ ವಾಡಿಕೆಯಂತೆ 10–6 ಅಂಕ ಕೊಡಬೇಕಿದ್ದ ಮೊದಲ ಸುತ್ತಿಗೆ ಕ್ಲೆಮೆಂಟ್ಸ್ 10–7 ಅಂಕ ನೀಡಿದ್ದರು. ಇದು ತಮ್ಮ ತಪ್ಪೆಂದು ಅವರು ನಂತರ ಒಪ್ಪಿಕೊಂಡರು. ಆ ಒಂದು ಅಂಕ ಸರಿಯಾಗಿ ದಾಖಲಾಗಿದ್ದರೆ ಪಂದ್ಯ ಪ್ಯಾಕಿಯಾವೊ ಪಾಲಾಗುತ್ತಿತ್ತು. ಇಬ್ಬರ ನಡುವೆ ನಡೆದ ನಾಲ್ಕು ಪಂದ್ಯಗಳ ಸರಣಿಗೆ ಇದು ಮುನ್ನುಡಿಯಾಯಿತು.

ಸೂಪರ್ ಫೆದರ್‌ವೇಟ್

ಎರಿಕ್ ಮೊರಾಲೆಸ್ ವಿರುದ್ಧದ ಮೂರು ಪಂದ್ಯಗಳು (2005–2006)

130 ಪೌಂಡ್ ಮಿತಿಗೆ ಏರಿದ ಪ್ಯಾಕಿಯಾವೊ 19 ಮಾರ್ಚ್ 2005ರಂದು ಮೆಕ್ಸಿಕೊದ ಟಿಹ್ವಾನಾ ನಗರದ ಎರಿಕ್ ಮೊರಾಲೆಸ್ ಅವರಿಗೆ ಎದುರಾದರು. ಹೆಚ್ಚು ಎತ್ತರದವರಾಗಿದ್ದ ಮೊರಾಲೆಸ್ ಜ್ಯಾಬ್ ಮತ್ತು ನೇರ ಬಲಗೈ ಹೊಡೆತಗಳ ಮೂಲಕ ಪಂದ್ಯವನ್ನು ನಿಯಂತ್ರಿಸಿದರು. ಪಂದ್ಯದ ನಡುವೆ ತಲೆಗಳು ಡಿಕ್ಕಿಯಾಗಿ ಪ್ಯಾಕಿಯಾವೊ ಅವರ ಬಲಗಣ್ಣಿನ ಮೇಲೆ ಗಾಯವಾಯಿತು. ಮೂವರು ತೀರ್ಪುಗಾರರೂ 115–113 ಅಂತರದಲ್ಲಿ ಮೊರಾಲೆಸ್ ವಿಜಯಿ ಎಂದು ತೀರ್ಪಿತ್ತರು.

ಈ ಸೋಲು ಪ್ಯಾಕಿಯಾವೊ ಅವರ ಆಟದ ಮಿತಿಯನ್ನು ತೋರಿಸಿಕೊಟ್ಟಿತು. ಅವರು ಎಡಗೈ ಪ್ರಧಾನ ಬಾಕ್ಸರ್ ಆಗಿದ್ದು, ಬಹುಪಾಲು ಎಡಗೈಯ ನೇರ ಹೊಡೆತವನ್ನೇ ನೆಚ್ಚಿಕೊಂಡಿದ್ದರು. ಎತ್ತರದ ಎದುರಾಳಿ ಆ ಒಂದು ಹೊಡೆತವನ್ನು ತಡೆದರೆ ಬೇರೆ ಉಪಾಯವಿರುತ್ತಿರಲಿಲ್ಲ. ಬಲಗೈಯ ಹುಕ್ ಹೊಡೆತವನ್ನು ಬೆಳೆಸುವುದು, ಹೊಡೆದ ತಕ್ಷಣ ಪಕ್ಕಕ್ಕೆ ಸರಿದು ಹೊಸ ಕೋನದಿಂದ ಮತ್ತೆ ಹೊಡೆಯುವುದು ರೋಚ್ ಅವರ ತರಬೇತಿಯ ಮುಖ್ಯ ಅಂಶಗಳಾದವು.

21 ಜನವರಿ 2006ರಂದು ಲಾಸ್ ವೇಗಾಸ್‌ನ ಥಾಮಸ್ ಅಂಡ್ ಮ್ಯಾಕ್ ಸೆಂಟರ್‌ನಲ್ಲಿ ನಡೆದ ಮರುಪಂದ್ಯದ ಹತ್ತನೆಯ ಸುತ್ತಿನಲ್ಲಿ ಪ್ಯಾಕಿಯಾವೊ ಮೊರಾಲೆಸ್ ಅವರನ್ನು ತಾಂತ್ರಿಕ ನಾಕೌಟ್ ಮೂಲಕ ಸೋಲಿಸಿದರು. ಅದೇ ವರ್ಷದ ನವೆಂಬರ್ 18ರಂದು ನಡೆದ ಮೂರನೆಯ ಪಂದ್ಯ ಮೂರನೆಯ ಸುತ್ತಿನಲ್ಲೇ ಮುಗಿಯಿತು. ಕೊನೆಯ ಬಾರಿ ಬಿದ್ದ ಮೊರಾಲೆಸ್ ನೆಲದ ಮೇಲೆ ಕುಳಿತಲ್ಲಿಂದಲೇ ತಮ್ಮ ತಂಡದ ಕಡೆ ನೋಡಿ ತಲೆಯಾಡಿಸಿದರು, ಮತ್ತೆ ಏಳಲಿಲ್ಲ. ಈ ಅವಧಿಯಲ್ಲಿ ಪ್ರಬಲ ಮೆಕ್ಸಿಕನ್ ಬಾಕ್ಸರ್‌ಗಳನ್ನು ಸಾಲಾಗಿ ಎದುರಿಸಿದ ಕಾರಣ ಪ್ಯಾಕಿಯಾವೊಗೆ ‘ಮೆಕ್ಸಿಕ್ಯೂಷನರ್’ ಎಂಬ ಅಡ್ಡಹೆಸರು ಬಂದಿತು.

ಮಾರ್ಕೆಜ್ ವಿರುದ್ಧ ಎರಡನೆಯ ಪಂದ್ಯ (15 ಮಾರ್ಚ್ 2008)

ಮೊರಾಲೆಸ್ ವಿರುದ್ಧದ ಗೆಲುವುಗಳಿಂದ ಪ್ಯಾಕಿಯಾವೊಗೆ ಈ ವಿಭಾಗದ ವಿಶ್ವ ಪಟ್ಟ ದೊರೆತಿರಲಿಲ್ಲ. ಅದು ದೊರೆತದ್ದು ಡಬ್ಲ್ಯುಬಿಸಿ ಚಾಂಪಿಯನ್ ಆಗಿದ್ದ ಮಾರ್ಕೆಜ್ ವಿರುದ್ಧದ ಮರುಪಂದ್ಯದಲ್ಲಿ. ಮೂರನೆಯ ಸುತ್ತಿನಲ್ಲಿ ಪ್ಯಾಕಿಯಾವೊ ಮಾರ್ಕೆಜ್ ಅವರನ್ನು ಒಮ್ಮೆ ಬೀಳಿಸಿದರು. ವಿಭಜಿತ ತೀರ್ಪಿನಲ್ಲಿ ಇಬ್ಬರು ತೀರ್ಪುಗಾರರು 115–112 ಮತ್ತು 114–113 ಅಂತರದಲ್ಲಿ ಪ್ಯಾಕಿಯಾವೊ ಪರವಾಗಿ, ಒಬ್ಬರು 115–112 ಅಂತರದಲ್ಲಿ ಮಾರ್ಕೆಜ್ ಪರವಾಗಿ ನಿಂತರು. ಪಂದ್ಯದ ಫಲಿತಾಂಶ ಒಂದೇ ಅಂಕದಲ್ಲಿ ನಿರ್ಧಾರವಾಗಿದ್ದರಿಂದ, ಮೂರನೆಯ ಸುತ್ತಿನ ಆ ಹೊಡೆತವೇ ನಿರ್ಣಾಯಕವಾಯಿತು.

ಲೈಟ್‌ವೇಟ್

28 ಜೂನ್ 2008ರಂದು ಲಾಸ್ ವೇಗಾಸ್‌ನ ಮ್ಯಾಂಡಲೆ ಬೇ ಸಭಾಂಗಣದಲ್ಲಿ ಪ್ಯಾಕಿಯಾವೊ 135 ಪೌಂಡ್ ವಿಭಾಗದ ಡಬ್ಲ್ಯುಬಿಸಿ ಚಾಂಪಿಯನ್ ಡೇವಿಡ್ ಡಯಾಸ್ ಅವರನ್ನು ಒಂಬತ್ತನೆಯ ಸುತ್ತಿನಲ್ಲಿ ನಾಕೌಟ್ ಮಾಡಿದರು. ಮಾರ್ಕೆಜ್ ಪಂದ್ಯ ನಡೆದು ಮೂರೂವರೆ ತಿಂಗಳೊಳಗೆ ದೊರೆತ ಈ ಗೆಲುವು ಐದನೆಯ ವಿಭಾಗದ ಪಟ್ಟವನ್ನು ತಂದಿತು. ತೂಕ ಏರಿಸಿದರೂ ಅವರ ವೇಗ ಕುಗ್ಗಿಲ್ಲವೆಂಬುದು ಇಲ್ಲಿ ಸ್ಪಷ್ಟವಾಯಿತು.

ಡೆ ಲಾ ಹೋಯಾ ವಿರುದ್ಧದ ಪಂದ್ಯ (6 ಡಿಸೆಂಬರ್ 2008)

ಈ ಪಂದ್ಯದಲ್ಲಿ ಯಾವ ಪಟ್ಟವೂ ಪಣಕ್ಕಿರಲಿಲ್ಲ. ಆದರೂ ಪ್ಯಾಕಿಯಾವೊ ಅವರ ಏರಿಕೆಯಲ್ಲಿ ಇದನ್ನು ಪ್ರಮುಖ ತಿರುವು ಎಂದು ಪರಿಗಣಿಸಲಾಗುತ್ತದೆ. ಡೆ ಲಾ ಹೋಯಾ 2004ರಲ್ಲಿ 160 ಪೌಂಡ್ ಮಿತಿಯ ಮಿಡಲ್‌ವೇಟ್ ವಿಭಾಗದ ಪಟ್ಟವನ್ನೂ ಗೆದ್ದಿದ್ದವರು. ಪ್ಯಾಕಿಯಾವೊ 135 ಪೌಂಡ್ ವಿಭಾಗದಲ್ಲಿ ಆಡಿದ್ದು ಒಂದೇ ಬಾರಿ. ಇಬ್ಬರೂ 147 ಪೌಂಡ್ ಮಿತಿಯ ವೆಲ್ಟರ್‌ವೇಟ್‌ನಲ್ಲಿ ಸೆಣಸುವುದೆಂದು ಒಪ್ಪಂದವಾಯಿತು. ಒಬ್ಬರು ಎರಡು ವಿಭಾಗ ಮೇಲೇರಬೇಕಿತ್ತು. ಮತ್ತೊಬ್ಬರು ಹಲವು ವರ್ಷಗಳಿಂದ ಆಡದಿದ್ದ ತೂಕಕ್ಕೆ ಇಳಿಯಬೇಕಿತ್ತು. ಗಾತ್ರದ ಅಂತರವನ್ನು ಕಂಡು ಇದೊಂದು ಅಸಮ ಪಂದ್ಯವೆಂದೂ, ಪ್ಯಾಕಿಯಾವೊಗೆ ಅಪಾಯಕಾರಿಯೆಂದೂ ಅನೇಕ ವಿಮರ್ಶಕರು ಟೀಕಿಸಿದರು.

ತೂಕ ಪರೀಕ್ಷೆಯಲ್ಲಿ ಪ್ಯಾಕಿಯಾವೊ 142 ಪೌಂಡ್, ಡೆ ಲಾ ಹೋಯಾ 145 ಪೌಂಡ್ ತೂಗಿದರು. ದೊಡ್ಡ ದೇಹದ ಬಾಕ್ಸರ್ ಮಿತಿಗಿಂತ ಎರಡು ಪೌಂಡ್ ಕೆಳಗೆ ಇಳಿದಿದ್ದರು. ರಿಂಗ್‌ನಲ್ಲಿ ಅವರ ಕಾಲುಗಳಲ್ಲಿ ಚುರುಕಿರಲಿಲ್ಲ, ಹೊಡೆತಗಳಲ್ಲಿ ಬಲವಿರಲಿಲ್ಲ. ಪ್ಯಾಕಿಯಾವೊ ಸುತ್ತಿನ ಮೇಲೆ ಸುತ್ತು ಒಳನುಗ್ಗಿ ಹೊಡೆದು ಹೊರಸರಿಯುತ್ತಿದ್ದರು. ಡೆ ಲಾ ಹೋಯಾ ಅವರ ಎಡಗಣ್ಣು ಊದಿ ಮುಚ್ಚಿಕೊಂಡಿತು. ಎಂಟನೆಯ ಸುತ್ತಿನ ಬಳಿಕ ಅವರು ಕುಳಿತಲ್ಲಿಂದ ಏಳಲಿಲ್ಲ. ಪಂದ್ಯ ಅಲ್ಲಿಗೆ ಮುಗಿಯಿತು. 2009ರ ಏಪ್ರಿಲ್‌ನಲ್ಲಿ ಅವರು ನಿವೃತ್ತಿ ಘೋಷಿಸಿದರು.

ಒಂಬತ್ತು ವರ್ಷಗಳ ಹಿಂದೆ ತೂಕ ಇಳಿಸಲಾಗದೆ ಬಳಲಿ ಸೋತಿದ್ದವರು ಪ್ಯಾಕಿಯಾವೊ. ಈ ಬಾರಿ ಕೆಳಗಿಳಿದು ಬಂದ ಎದುರಾಳಿ ಬಳಲಿದ್ದರು. ದೊಡ್ಡ ದೇಹವೇ ಅನುಕೂಲ ಎಂಬ ಲೆಕ್ಕಾಚಾರ ಇಲ್ಲಿ ತಲೆಕೆಳಗಾಯಿತು.

ಲೈಟ್ ವೆಲ್ಟರ್‌ವೇಟ್: ರಿಕಿ ಹ್ಯಾಟನ್ ವಿರುದ್ಧ (2 ಮೇ 2009)

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದೇಶದ ರಿಕಿ ಹ್ಯಾಟನ್ 140 ಪೌಂಡ್ ವಿಭಾಗದಲ್ಲಿ ಅಲ್ಲಿಯವರೆಗೆ ಸೋತಿರಲಿಲ್ಲ. ಅವರ ಏಕೈಕ ಸೋಲು ವೆಲ್ಟರ್‌ವೇಟ್‌ನಲ್ಲಿ ಫ್ಲಾಯ್ಡ್ ಮೇವೆದರ್ ವಿರುದ್ಧ ಬಂದಿತ್ತು. ಎಂಜಿಎಂ ಗ್ರ್ಯಾಂಡ್‌ನಲ್ಲಿ ನಡೆದ ಈ ಪಂದ್ಯದ ಮೊದಲ ಸುತ್ತಿನಲ್ಲೇ ಹ್ಯಾಟನ್ ಎರಡು ಬಾರಿ ಬಿದ್ದರು. ಮೊದಲ ಬಾರಿ ಅವರನ್ನು ಬೀಳಿಸಿದ್ದು ಪ್ಯಾಕಿಯಾವೊ ಅವರ ಬಲಗೈಯ ಹುಕ್. ಮೊರಾಲೆಸ್ ವಿರುದ್ಧದ ಸೋಲಿನ ಬಳಿಕ ರೂಢಿಸಿಕೊಂಡ ಅಸ್ತ್ರವದು. ಎರಡನೆಯ ಸುತ್ತು ಮುಗಿಯಲು ಒಂದು ಸೆಕೆಂಡ್ ಇದ್ದಾಗ ಪ್ಯಾಕಿಯಾವೊ ಅವರ ಎಡಗೈ ಹೊಡೆತಕ್ಕೆ ಹ್ಯಾಟನ್ ಪ್ರಜ್ಞೆ ತಪ್ಪಿ ಬಿದ್ದರು. ‘ದಿ ರಿಂಗ್’ ಮತ್ತು ಐಬಿಒ ಪಟ್ಟಗಳು ಪ್ಯಾಕಿಯಾವೊ ಪಾಲಾದವು. ಆರನೆಯ ವಿಭಾಗದ ಈ ಪಟ್ಟದಿಂದ ಅವರು ಡೆ ಲಾ ಹೋಯಾ ಅವರ ದಾಖಲೆಯನ್ನು ಸರಿಗಟ್ಟಿದರು.

ವೆಲ್ಟರ್‌ವೇಟ್: ಮಿಗೆಲ್ ಕೋಟೊ ವಿರುದ್ಧ (14 ನವೆಂಬರ್ 2009)

ಪೋರ್ಟೊರಿಕೊದ ಮಿಗೆಲ್ ಕೋಟೊ ಡಬ್ಲ್ಯುಬಿಒ ಎಂದು ಹೆಸರಾದ ವಿಶ್ವ ಬಾಕ್ಸಿಂಗ್ ಸಂಘಟನೆಯ ವೆಲ್ಟರ್‌ವೇಟ್ ಚಾಂಪಿಯನ್ ಆಗಿದ್ದರು. ವಿಭಾಗದ ಮಿತಿ 147 ಪೌಂಡ್ ಆಗಿದ್ದರೂ, ಒಪ್ಪಂದದಂತೆ ಇಬ್ಬರೂ 145 ಪೌಂಡ್ ಮೀರುವಂತಿರಲಿಲ್ಲ.

ಕೋಟೊ ಬಲಶಾಲಿಯಾಗಿ ಆರಂಭಿಸಿ, ಜ್ಯಾಬ್ ಹೊಡೆತಗಳಿಂದ ಮೊದಲ ಸುತ್ತುಗಳಲ್ಲಿ ಪೈಪೋಟಿ ನೀಡಿದರು. ಪ್ಯಾಕಿಯಾವೊ ಆ ಹೊಡೆತಗಳನ್ನು ತಾಳಿಕೊಂಡು ಮೂರು ಮತ್ತು ನಾಲ್ಕನೆಯ ಸುತ್ತುಗಳಲ್ಲಿ ಅವರನ್ನು ಬೀಳಿಸಿದರು. ಸಹಜ ವೆಲ್ಟರ್‌ವೇಟ್ ಬಾಕ್ಸರ್ ಒಬ್ಬರ ಹೊಡೆತಗಳನ್ನು ತಡೆದುಕೊಳ್ಳಲು ಅವರಿಗೆ ಸಾಧ್ಯವೇ ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ಪಂದ್ಯದ ಉತ್ತರಾರ್ಧದಲ್ಲಿ ಕೋಟೊ ಹಿಂದೆ ಸರಿಯುತ್ತಲೇ ಇದ್ದರು. ಹನ್ನೆರಡನೆಯ ಸುತ್ತಿನ 55ನೆಯ ಸೆಕೆಂಡಿನಲ್ಲಿ ರೆಫರಿ ಕೆನ್ನಿ ಬೇಲೆಸ್ ಪಂದ್ಯ ನಿಲ್ಲಿಸಿದರು. ಏಳು ವಿಭಾಗಗಳಲ್ಲಿ ಪಟ್ಟ ಗೆದ್ದ ಮೊದಲ ಬಾಕ್ಸರ್ ಎಂಬ ಹೊಸ ದಾಖಲೆ ಸ್ಥಾಪನೆಯಾಯಿತು.

ಲೈಟ್ ಮಿಡಲ್‌ವೇಟ್: ಆಂಟೋನಿಯೊ ಮಾರ್ಗರಿಟೊ ವಿರುದ್ಧ (13 ನವೆಂಬರ್ 2010)

2010ರ ಮೇ ತಿಂಗಳಲ್ಲಿ ಸಾರಂಗಾನಿ ಪ್ರಾಂತ್ಯದಿಂದ ಫಿಲಿಪ್ಪೀನ್ಸ್‌ನ ಜನಪ್ರತಿನಿಧಿಗಳ ಸಭೆಗೆ ಆಯ್ಕೆಯಾದ ಪ್ಯಾಕಿಯಾವೊ, ಅದೇ ವರ್ಷದ ನವೆಂಬರ್‌ನಲ್ಲಿ ಎಂಟನೆಯ ಪಟ್ಟಕ್ಕಾಗಿ ಸೆಣಸಿದರು. ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿರುವ ಕೌಬಾಯ್ಸ್ ಕ್ರೀಡಾಂಗಣದಲ್ಲಿ ನಡೆದ ಪಂದ್ಯದಲ್ಲಿ ತೆರವಾಗಿದ್ದ ಡಬ್ಲ್ಯುಬಿಸಿ ಪಟ್ಟ ಪಣಕ್ಕಿತ್ತು. ಎದುರಾಳಿ ಮೆಕ್ಸಿಕೊದ ಆಂಟೋನಿಯೊ ಮಾರ್ಗರಿಟೊ 2009ರಲ್ಲಿ ಕೈಪಟ್ಟಿಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಪರವಾನಗಿ ಕಳೆದುಕೊಂಡಿದ್ದರು. ಹೀಗಾಗಿ ಅವರ ಆಯ್ಕೆಯೂ ಚರ್ಚೆಗೆ ಒಳಗಾಗಿತ್ತು.

ವಿಭಾಗದ ಮಿತಿ 154 ಪೌಂಡ್ ಆಗಿದ್ದರೂ ಒಪ್ಪಂದದ ಮಿತಿ 150 ಪೌಂಡ್ ಆಗಿತ್ತು. ಮಾರ್ಗರಿಟೊ ಸರಿಯಾಗಿ 150 ಪೌಂಡ್ ತೂಗಿದರು. ಪ್ಯಾಕಿಯಾವೊ ಅವರ ತೂಕ 144.6 ಪೌಂಡ್, ಅಂದರೆ ಒಂದು ವಿಭಾಗ ಕೆಳಗಿನ ವೆಲ್ಟರ್‌ವೇಟ್ ಮಿತಿಗಿಂತಲೂ ಕಡಿಮೆ. ಮಾರ್ಗರಿಟೊ ನಾಲ್ಕು ಅಂಗುಲಗಳಿಗೂ ಹೆಚ್ಚು ಎತ್ತರದವರಾಗಿದ್ದರು.

ಪ್ಯಾಕಿಯಾವೊ ವೇಗದಿಂದ ಈ ಅಂತರವನ್ನು ತುಂಬಿದರು. ಆದರೆ ಅವರು ಬೆಲೆ ತೆರದೆ ಗೆಲ್ಲಲಿಲ್ಲ. ಹಗ್ಗದ ಬಳಿ ಸಿಲುಕಿದಾಗಲೆಲ್ಲ ಮಾರ್ಗರಿಟೊ ಅವರ ಹೊಡೆತಗಳು ಪಕ್ಕೆಲುಬಿನ ಭಾಗಕ್ಕೆ ಬಲವಾಗಿ ಬಿದ್ದವು. ಅತ್ತ ಮಾರ್ಗರಿಟೊ ಅವರ ಮುಖ ಊದಿ, ಬಲಗಣ್ಣು ಮುಚ್ಚಿಹೋಯಿತು. ಹನ್ನೊಂದನೆಯ ಸುತ್ತಿನಲ್ಲಿ ಪ್ಯಾಕಿಯಾವೊ ಹೊಡೆಯುವುದನ್ನು ನಿಲ್ಲಿಸಿ, ಪಂದ್ಯವನ್ನು ಮುಗಿಸುವಂತೆ ರೆಫರಿಯತ್ತ ನೋಡಿದರು. ರೆಫರಿ ಪಂದ್ಯ ಮುಂದುವರಿಸಿದರು. ಕೊನೆಯ ಸುತ್ತಿನಲ್ಲಿ ಪ್ಯಾಕಿಯಾವೊ ಹೆಚ್ಚು ಹೊಡೆಯದೆ ಸಮಯ ಕಳೆದರು. 120–108, 119–109 ಮತ್ತು 118–110 ಅಂಕಗಳ ಸರ್ವಾನುಮತದ ತೀರ್ಪಿನಿಂದ ಎಂಟನೆಯ ವಿಭಾಗದ ಪಟ್ಟ ಅವರದಾಯಿತು. ಕಣ್ಣುಗುಳಿಯ ಮೂಳೆ ಮುರಿದಿದ್ದ ಮಾರ್ಗರಿಟೊ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು.

ಎಂಟು ವಿಭಾಗಗಳ ಪಟ್ಟಿ

1. ಫ್ಲೈವೇಟ್ (112 ಪೌಂಡ್) – 1998, ಡಬ್ಲ್ಯುಬಿಸಿ, ಚಾಟ್‌ಚಾಯ್ ಸಸಾಕುಲ್ ವಿರುದ್ಧ
2. ಸೂಪರ್ ಬ್ಯಾಂಟಮ್‌ವೇಟ್ (122 ಪೌಂಡ್) – 2001, ಐಬಿಎಫ್, ಲೆಹ್ಲೊಹೊನೊಲೊ ಲೆದ್ವಾಬಾ ವಿರುದ್ಧ
3. ಫೆದರ್‌ವೇಟ್ (126 ಪೌಂಡ್) – 2003, ‘ದಿ ರಿಂಗ್’, ಮಾರ್ಕೊ ಆಂಟೋನಿಯೊ ಬರೇರಾ ವಿರುದ್ಧ
4. ಸೂಪರ್ ಫೆದರ್‌ವೇಟ್ (130 ಪೌಂಡ್) – 2008, ಡಬ್ಲ್ಯುಬಿಸಿ, ಹುವಾನ್ ಮ್ಯಾನುಯೆಲ್ ಮಾರ್ಕೆಜ್ ವಿರುದ್ಧ
5. ಲೈಟ್‌ವೇಟ್ (135 ಪೌಂಡ್) – 2008, ಡಬ್ಲ್ಯುಬಿಸಿ, ಡೇವಿಡ್ ಡಯಾಸ್ ವಿರುದ್ಧ
6. ಲೈಟ್ ವೆಲ್ಟರ್‌ವೇಟ್ (140 ಪೌಂಡ್) – 2009, ‘ದಿ ರಿಂಗ್’ ಮತ್ತು ಐಬಿಒ, ರಿಕಿ ಹ್ಯಾಟನ್ ವಿರುದ್ಧ
7. ವೆಲ್ಟರ್‌ವೇಟ್ (147 ಪೌಂಡ್) – 2009, ಡಬ್ಲ್ಯುಬಿಒ, ಮಿಗೆಲ್ ಕೋಟೊ ವಿರುದ್ಧ
8. ಲೈಟ್ ಮಿಡಲ್‌ವೇಟ್ (154 ಪೌಂಡ್) – 2010, ಡಬ್ಲ್ಯುಬಿಸಿ, ಆಂಟೋನಿಯೊ ಮಾರ್ಗರಿಟೊ ವಿರುದ್ಧ

ಲೆಕ್ಕಾಚಾರ ಮತ್ತು ಟೀಕೆ

ಎಂಟು ಎಂಬ ಸಂಖ್ಯೆ ಯಾವ ಪಟ್ಟಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. ವೃತ್ತಿಪರ ಬಾಕ್ಸಿಂಗ್‌ನ ನಾಲ್ಕು ಪ್ರಮುಖ ಮಾನ್ಯತಾ ಸಂಸ್ಥೆಗಳೆಂದರೆ ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್ ಮತ್ತು ಡಬ್ಲ್ಯುಬಿಒ. ಇವುಗಳ ಪಟ್ಟಗಳನ್ನು ಮಾತ್ರ ಪರಿಗಣಿಸಿದರೆ ಪ್ಯಾಕಿಯಾವೊ ಗೆದ್ದದ್ದು ಆರು ವಿಭಾಗಗಳಲ್ಲಿ. ಫೆದರ್‌ವೇಟ್ ಮತ್ತು ಲೈಟ್ ವೆಲ್ಟರ್‌ವೇಟ್ ವಿಭಾಗಗಳಲ್ಲಿ ಅವರು ಸೋಲಿಸಿದ್ದು ಆ ವಿಭಾಗದ ಅಗ್ರ ಬಾಕ್ಸರ್ ಎಂದು ‘ದಿ ರಿಂಗ್’ ಗುರುತಿಸಿದ್ದವರನ್ನು. ಈ ಕಾರಣದಿಂದ ಆ ಎರಡು ಗೆಲುವುಗಳನ್ನೂ ಸಾಮಾನ್ಯವಾಗಿ ವಿಶ್ವ ಪಟ್ಟಗಳೆಂದೇ ಎಣಿಸಲಾಗುತ್ತದೆ.

ಮತ್ತೊಂದು ಟೀಕೆ ‘ಕ್ಯಾಚ್‌ವೇಟ್’ ಪದ್ಧತಿಯ ಕುರಿತಾದದ್ದು. ವಿಭಾಗದ ಅಧಿಕೃತ ಮಿತಿಗಿಂತ ಬೇರೆಯಾದ, ಇಬ್ಬರೂ ಒಪ್ಪಿಕೊಂಡ ತೂಕದಲ್ಲಿ ಸೆಣಸುವುದನ್ನು ಹೀಗೆ ಕರೆಯುತ್ತಾರೆ. ಕೋಟೊ ಮತ್ತು ಮಾರ್ಗರಿಟೊ ಪಂದ್ಯಗಳಲ್ಲಿ ಈ ಪದ್ಧತಿಯಿಂದ ಎದುರಾಳಿಗಳು ಹೆಚ್ಚುವರಿ ತೂಕ ಇಳಿಸಬೇಕಾಯಿತು. ಆದ್ದರಿಂದ ಆ ಪಟ್ಟಗಳು ಪೂರ್ಣ ಅರ್ಥದಲ್ಲಿ ಆಯಾ ವಿಭಾಗದವಲ್ಲ ಎಂಬುದು ಟೀಕಾಕಾರರ ವಾದ. ಎರಡೂ ಪಂದ್ಯಗಳಲ್ಲಿ ಹೆಚ್ಚು ದೊಡ್ಡ ದೇಹದವರು ಎದುರಾಳಿಗಳೇ ಆಗಿದ್ದರು, ಮಿತಿ ಇಲ್ಲದಿದ್ದರೆ ಅಂತರ ಇನ್ನೂ ಹೆಚ್ಚುತ್ತಿತ್ತು ಎಂಬುದು ಬೆಂಬಲಿಗರ ಉತ್ತರ.

ನಂತರದ ಪಂದ್ಯಗಳು

ಮಾರ್ಗರಿಟೊ ಪಂದ್ಯದ ನಂತರ ಪ್ಯಾಕಿಯಾವೊ ಇನ್ನೂ ಮೇಲಿನ ವಿಭಾಗಕ್ಕೆ ಏರಲಿಲ್ಲ, ವೆಲ್ಟರ್‌ವೇಟ್‌ಗೆ ಮರಳಿದರು. 2012ರ ಜೂನ್‌ನಲ್ಲಿ ಟಿಮೊತಿ ಬ್ರ್ಯಾಡ್ಲಿ ವಿರುದ್ಧ ವಿವಾದಾತ್ಮಕ ವಿಭಜಿತ ತೀರ್ಪಿನಿಂದ ಸೋತರು. ಅದೇ ವರ್ಷದ ಡಿಸೆಂಬರ್ 8ರಂದು ಮಾರ್ಕೆಜ್ ವಿರುದ್ಧದ ನಾಲ್ಕನೆಯ ಪಂದ್ಯ ನಡೆಯಿತು. ಇಬ್ಬರೂ ಒಮ್ಮೊಮ್ಮೆ ಬಿದ್ದೆದ್ದಿದ್ದರು. ಆರನೆಯ ಸುತ್ತಿನ ಕೊನೆಯ ಸೆಕೆಂಡಿನಲ್ಲಿ ಮುನ್ನುಗ್ಗಿದ ಪ್ಯಾಕಿಯಾವೊ ಮಾರ್ಕೆಜ್ ಅವರ ಬಲಗೈ ಪ್ರತಿಹೊಡೆತಕ್ಕೆ ಸಿಲುಕಿ ಪ್ರಜ್ಞಾಹೀನರಾದರು. 2004ರಲ್ಲಿ ಮಾರ್ಕೆಜ್ ಅವರನ್ನು ಸೋಲಿನ ಅಂಚಿನಿಂದ ಮೇಲೆತ್ತಿದ್ದು ಇದೇ ಪ್ರತಿಹೊಡೆತ.

2 ಮೇ 2015ರಂದು ಮೇವೆದರ್ ವಿರುದ್ಧ ನಡೆದ, ಬಹುಕಾಲದಿಂದ ನಿರೀಕ್ಷಿತವಾಗಿದ್ದ ಪಂದ್ಯದಲ್ಲಿ ಪ್ಯಾಕಿಯಾವೊ ಸರ್ವಾನುಮತದ ತೀರ್ಪಿನಿಂದ ಸೋತರು. 20 ಜುಲೈ 2019ರಂದು, ನಲವತ್ತನೆಯ ವಯಸ್ಸಿನಲ್ಲಿ, ಅಜೇಯರಾಗಿದ್ದ ಕೀತ್ ಥರ್ಮನ್ ಅವರನ್ನು ಸೋಲಿಸಿ ಡಬ್ಲ್ಯುಬಿಎ ವೆಲ್ಟರ್‌ವೇಟ್ ಪಟ್ಟ ಗೆದ್ದರು. ಈ ವಿಭಾಗದ ಅತಿ ಹಿರಿಯ ವಿಶ್ವ ಚಾಂಪಿಯನ್ ಎನಿಸಿಕೊಂಡರು. 2021ರ ಆಗಸ್ಟ್‌ನಲ್ಲಿ ಕ್ಯೂಬಾ ಮೂಲದ ಯೊರ್ಡೆನಿಸ್ ಉಗಾಸ್ ವಿರುದ್ಧ ಸೋತು ಮರುತಿಂಗಳು ನಿವೃತ್ತಿ ಘೋಷಿಸಿದರು. 2022ರಲ್ಲಿ ಫಿಲಿಪ್ಪೀನ್ಸ್ ಅಧ್ಯಕ್ಷೀಯ ಚುನಾವಣೆಯಲ್ಲಿ ಸ್ಪರ್ಧಿಸಿ ಪರಾಭವಗೊಂಡರು. 19 ಜುಲೈ 2025ರಂದು, 46ನೆಯ ವಯಸ್ಸಿನಲ್ಲಿ ರಿಂಗ್‌ಗೆ ಮರಳಿ, ಡಬ್ಲ್ಯುಬಿಸಿ ವೆಲ್ಟರ್‌ವೇಟ್ ಚಾಂಪಿಯನ್ ಮಾರಿಯೊ ಬ್ಯಾರಿಯೋಸ್ ಅವರೊಂದಿಗೆ ಡ್ರಾ ಮಾಡಿಕೊಂಡರು.

ಮನ್ನಣೆ

ಅಮೆರಿಕದ ಬಾಕ್ಸಿಂಗ್ ಬರಹಗಾರರ ಸಂಘವು ಪ್ಯಾಕಿಯಾವೊ ಅವರನ್ನು 2000ರ ದಶಕದ ಶ್ರೇಷ್ಠ ಬಾಕ್ಸರ್ ಎಂದು ಆಯ್ಕೆ ಮಾಡಿತು. 2006, 2008 ಮತ್ತು 2009ರಲ್ಲಿ ಅವರು ‘ದಿ ರಿಂಗ್’ ಪತ್ರಿಕೆಯ ವರ್ಷದ ಬಾಕ್ಸರ್ ಆಗಿದ್ದರು. 2025ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾದಲ್ಲಿರುವ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿಕೊಳ್ಳಲಾಯಿತು. ಹಳೆಯ ಎಂಟು ವಿಭಾಗಗಳ ಪೈಕಿ ಫ್ಲೈವೇಟ್, ಫೆದರ್‌ವೇಟ್, ಲೈಟ್‌ವೇಟ್ ಮತ್ತು ವೆಲ್ಟರ್‌ವೇಟ್ ಎಂಬ ನಾಲ್ಕರಲ್ಲಿ ಪ್ರಮುಖ ಪಟ್ಟ ಗೆದ್ದ ಮೊದಲ ಬಾಕ್ಸರ್ ಕೂಡ ಪ್ಯಾಕಿಯಾವೊ ಅವರೇ.